ಅಂಗಳದ ಡೇರೆಯೇ ಮಾದರಿ: ಎರಡು ಅಡಿಯ ಕಾಗದದ ಹೂವು

ಮಲೆನಾಡಿನ ಅಂಗಳಗಳಲ್ಲಿ ಡೇರೆ (ಡೇಲಿಯಾ) ಹೂವು ಮೈತುಂಬಿ ಅರಳುವ ಹೊತ್ತಿಗೆ ಮನೆಯೊಳಗೆ ಗೌರಿ ಹಬ್ಬದ ಮಂಟಪದ ಸಿದ್ಧತೆಯೂ ಆರಂಭವಾಗುತ್ತದೆ. ಆ ಮಂಟಪದ ಹಿಂಬದಿಗೆ 60 ಸೆಂ.ಮೀ. ಅಗಲದ ಕಾಗದದ ಡೇರೆಯೊಂದನ್ನು ಮಾಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಬಯಲುಸೀಮೆಯಲ್ಲಿ ರಟ್ಟು, ಕಾಗದ, ಅಂಟು ಇದ್ದರೆ ಸಾಕಾಗಬಹುದು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮಳೆಗಾಲದ ಥಂಡಿಗೆ ಅಷ್ಟು ಸಾಲದು. ನಾನು ಮೊದಲ ಸಲ ರಟ್ಟಿನ ತಳಕ್ಕೆ ಮೈದಾ ಅಂಟಿನಿಂದ ಎಸಳು ಹಚ್ಚಿ ರಾತ್ರಿ ತೂಗುಹಾಕಿದ್ದ ಹೂವು ಹಬ್ಬದ ಬೆಳಿಗ್ಗೆ ಏಳುವಷ್ಟರಲ್ಲಿ ರಟ್ಟು ಬಾಗಿ, ಎಸಳುಗಳೆಲ್ಲ ನೆಲ ನೋಡುತ್ತಿದ್ದವು. ಆಮೇಲೆ ತಳಕ್ಕೂ ಎಸಳಿನ ನರಕ್ಕೂ ತೋಟದ ಸಾಮಾನನ್ನೇ ಬಳಸತೊಡಗಿದೆ.

ಕೆಲಸಕ್ಕೆ ಕೂರುವ ಮುನ್ನ ಒಂದು ಡೇರೆ ಹೂವನ್ನು ಕಿತ್ತು ತಂದು ಹೊರಗಿನ ಸುತ್ತಿನಿಂದ ಒಂದೊಂದೇ ಎಸಳನ್ನು ಬಿಡಿಸಿ ನೋಡಬೇಕು. ಡೇರೆಯು ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದು, ನಾವು ಎಸಳು ಎನ್ನುವ ಪ್ರತಿಯೊಂದೂ ವಾಸ್ತವವಾಗಿ ಒಂದು ಪುಟ್ಟ ಹೂವು. ಆದ್ದರಿಂದಲೇ ಪ್ರತಿ ಎಸಳಿನ ಬುಡ ಚಪ್ಪಟೆಯಾಗಿರದೆ, ಬಾಳೆಲೆಯ ಕೊಟ್ಟೆ (ದೊನ್ನೆ) ಮಡಿಸಿದಂತೆ ಎರಡೂ ಅಂಚುಗಳು ಒಳಕ್ಕೆ ಸುತ್ತಿಕೊಂಡಿರುತ್ತವೆ. ನಡುವೆ ದೋಣಿಯಂತೆ ತಗ್ಗಾಗಿ, ತುದಿಯಲ್ಲಿ ಮಾತ್ರ ಬಿಚ್ಚಿಕೊಳ್ಳುತ್ತದೆ. ಈ ಬುಡದ ಮಡಿಕೆ ಬರದಿದ್ದರೆ ಹೂವು ಎಷ್ಟು ದೊಡ್ಡದಾದರೂ ಫ್ಯಾನಿನ ರೆಕ್ಕೆಯಂತೆಯೇ ಕಾಣುತ್ತದೆ.

ತಳಕ್ಕೆ ಬೇಸಿಗೆಯಲ್ಲಿ ಎತ್ತಿಟ್ಟ ಒಣ ಅಡಿಕೆ ಹಾಳೆ, ಅಂದರೆ ಅಡಿಕೆ ಸೋಗೆಯ ಬುಡದ ಅಗಲವಾದ ಭಾಗ, ಬೇಕು. ಮಳೆಯಲ್ಲಿ ಬಿದ್ದು ಕಪ್ಪಾದ ಹಾಳೆಗೆ ಬೂಷ್ಟು ಹಿಡಿದಿರುವುದರಿಂದ ಅದು ಬೇಡ. ಹಾಳೆಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಭಾರವಾದ ಹಲಗೆಯ ಕೆಳಗೆ ಚಪ್ಪಟೆಯಾಗುವಂತೆ ಇಟ್ಟು, ಎರಡು ದಿನ ಪೂರ್ತಿ ಒಣಗಿಸಿ, ಕೈವಾರದಿಂದ 20 ಸೆಂ.ಮೀ. ವ್ಯಾಸದ ವೃತ್ತ ಬರೆದು ಕತ್ತರಿಸಿಕೊಳ್ಳಬೇಕು. ಒಳಮೈ ನುಣುಪಾಗಿರುವುದರಿಂದ ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಿದರೆ ಮಾತ್ರ ಅಂಟು ಹಿಡಿಯುತ್ತದೆ. ನಂತರ ನಡುಬಿಂದುವಿನಿಂದ 6, 5, 4, 3 ಮತ್ತು 2 ಸೆಂ.ಮೀ. ದೂರಕ್ಕೆ ಐದು ಗೆರೆಸುತ್ತು ಬರೆಯಬೇಕು. ತೂಗುಹಾಕುವ ದಾರವನ್ನು ದಬ್ಬಣದಿಂದ ಈಗಲೇ ಪೋಣಿಸಿ ಹಿಂಬದಿಯಲ್ಲಿ ಕುಣಿಕೆ ಬಿಡಬೇಕು. ಎಸಳು ಕೂತ ಮೇಲೆ ದಬ್ಬಣ ತೂರಿಸಲು ಜಾಗ ಸಿಗುವುದಿಲ್ಲ.

50 ಸೆಂ.ಮೀ. ಅಗಲ, 2 ಮೀಟರ್ ಉದ್ದದ ಕ್ರೇಪ್ ಕಾಗದದ ಮೂರು ಮಡಿಕೆಗಳು ಒಂದು ಹೂವಿಗೆ ಸಾಕಾಗುತ್ತವೆ. ಈ ಕಾಗದ ಸುಕ್ಕುಗಳಿಗೆ ಅಡ್ಡವಾಗಿ ಎಳೆದರೆ ಮಾತ್ರ ಹಿಗ್ಗುತ್ತದೆ, ಸುಕ್ಕಿನ ಉದ್ದಕ್ಕೆ ಹಿಗ್ಗುವುದಿಲ್ಲ. ಹಾಗಾಗಿ ಎಸಳಿನ ಉದ್ದ ಯಾವಾಗಲೂ ಸುಕ್ಕಿನ ದಿಕ್ಕಿನಲ್ಲೇ ಬರುವಂತೆ ಕತ್ತರಿಸಬೇಕು. ಹೊರಸುತ್ತಿಗೆ 24 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲದ 16 ಎಸಳು. ಎರಡನೆಯದಕ್ಕೆ 20ಕ್ಕೆ 10ರ 16. ಮೂರನೆಯದಕ್ಕೆ 16ಕ್ಕೆ 8ರ 12. ನಾಲ್ಕನೆಯದಕ್ಕೆ 12ಕ್ಕೆ 6ರ 12. ಐದನೆಯದಕ್ಕೆ 8ಕ್ಕೆ 4ರ 8. ಮೊದಲ ಮೂರು ಸುತ್ತಿನ ಎಸಳುಗಳಿಗೆ ಎರಡೆರಡು ಪದರ ಬೇಕಾಗುವುದರಿಂದ ಅವುಗಳ ತುಂಡುಗಳನ್ನು ಇಮ್ಮಡಿ ಕತ್ತರಿಸಿಕೊಳ್ಳಬೇಕು.

ಈ ಎರಡು ಪದರಗಳ ನಡುವೆ ನರವಾಗಿ ಹಲವರು ಕಬ್ಬಿಣದ ತಂತಿ ಇಡುತ್ತಾರೆ. ನಮ್ಮ ಹವೆಯಲ್ಲಿ ಅದು ತುಕ್ಕು ಹಿಡಿದು, ತಿಳಿಬಣ್ಣದ ಎಸಳಿನ ಮೇಲೆ ಕಂದು ಗೆರೆಯಾಗಿ ಮೂಡುತ್ತದೆ. ಚೆನ್ನಾಗಿ ಒಣಗಿದ ತೆಂಗಿನ ಗರಿಯ ಹಿಡಿಕಡ್ಡಿಯೇ ಇದಕ್ಕೆ ಉತ್ತಮ. ಅದು ಹಗುರವಾಗಿದೆ, ಬಾಗಿಸಿದರೆ ಮತ್ತೆ ನೆಟ್ಟಗಾಗುತ್ತದೆ. ಕಡ್ಡಿಯ ದಪ್ಪ ತುದಿ ಎಸಳಿನ ಬುಡಕ್ಕೂ ಸಣ್ಣ ತುದಿ ಮೇಲಕ್ಕೂ ಬರಲಿ. ಫೆವಿಕಾಲನ್ನು ಕಡ್ಡಿಗೆ ಮತ್ತು ನಡುಗೆರೆಗೆ ಮಾತ್ರ ತೆಳುವಾಗಿ ಸವರಬೇಕು, ಏಕೆಂದರೆ ಇಡೀ ಎಸಳಿಗೆ ಹಚ್ಚಿದರೆ ಸುಕ್ಕು ಸತ್ತು ಕಾಗದ ಹಿಗ್ಗುವ ಗುಣವನ್ನೇ ಕಳೆದುಕೊಳ್ಳುತ್ತದೆ. ಒಣಗಿದ ಮೇಲೆ ಎರಡೂ ಹೆಬ್ಬೆರಳನ್ನು ಕಡ್ಡಿಯ ಎರಡು ಬದಿಗಿಟ್ಟು ನಿಧಾನವಾಗಿ ಹೊರಕ್ಕೆ ಒತ್ತುತ್ತಾ ಹೋದರೆ ದೋಣಿಯ ತಗ್ಗು ತಾನಾಗಿ ಮೂಡುತ್ತದೆ. ಬೆವರಿದ ಕೈಯಿಂದ ಬಣ್ಣ ಬಿಡುವುದರಿಂದ ಪಕ್ಕದಲ್ಲಿ ಒಣಬಟ್ಟೆ ಇರಲಿ. ಬುಡವನ್ನು ಕೊಟ್ಟೆಯಂತೆ ಮಡಿಸಿ, ಅಂಟು ಹಚ್ಚಿ, ಒಣಗುವವರೆಗೆ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಬೇಕು.

ಜೋಡಣೆ ಹೊರಗಿನಿಂದ ಒಳಕ್ಕೆ ನಡೆಯುತ್ತದೆ. ಹೊರಸುತ್ತಿನ ಎಸಳಿನ ಬುಡದ ತುದಿ 6 ಸೆಂ.ಮೀ. ಗೆರೆಯ ಮೇಲೆ ಕೂರಬೇಕು. ಆಗ ಅದರ ನೆತ್ತಿ ನಡುವಿನಿಂದ ಸರಿಯಾಗಿ 30 ಸೆಂ.ಮೀ. ದೂರಕ್ಕೆ ಬರುತ್ತದೆ. ಮೊದಲು ನಾಲ್ಕು ದಿಕ್ಕಿಗೆ ನಾಲ್ಕು ಎಸಳು ಅಂಟಿಸಿ, ಆಮೇಲೆ ನಡುವಿನ ಜಾಗದಲ್ಲಿ ಮೂರು ಮೂರು ತುಂಬಿದರೆ ಅಂತರ ಕೆಡುವುದಿಲ್ಲ. ಎರಡನೆಯ ಸುತ್ತಿನ ಎಸಳು ಮೊದಲ ಸುತ್ತಿನ ಸಂದುಗಳಲ್ಲಿ ಬರಬೇಕು. ಪ್ರತಿ ಸುತ್ತು ಒಣಗಲು ಮಳೆಗಾಲದಲ್ಲಿ ಒಂದು ರಾತ್ರಿಯಾದರೂ ಬೇಕು. ಇಲ್ಲಿ ಅವಸರ ಮಾಡಿದರೆ ಮೇಲಿನ ಸುತ್ತಿನ ಭಾರಕ್ಕೆ ಕೆಳಗಿನದು ಜಾರುತ್ತದೆ. ಒಳಕ್ಕೆ ಹೋದಂತೆ ಎಸಳುಗಳನ್ನು ಹೆಚ್ಚು ಮೇಲಕ್ಕೆತ್ತಿ ನಿಲ್ಲಿಸಬೇಕು. ಕೊನೆಗೆ 6 ಸೆಂ.ಮೀ. ಅಗಲ, 60 ಸೆಂ.ಮೀ. ಉದ್ದದ ಪಟ್ಟಿಯ ಒಂದು ಅಂಚನ್ನು ಸಣ್ಣ ಎಸಳಿನಾಕಾರದಲ್ಲಿ ಕತ್ತರಿಸಿ, ಬಿಗಿಯಾಗಿ ಸುತ್ತಿ, ನಡುವೆ ಮೊಗ್ಗಿನಂತೆ ಕೂರಿಸಬೇಕು.

ಬಟ್ಟೆಯಲ್ಲಿ ಮಾಡುವವರು ಹಳೆಯ ಹತ್ತಿ ಸೀರೆಯನ್ನು ಗಟ್ಟಿ ಗಂಜಿಯಲ್ಲಿ ಅದ್ದಿ, ಒಣಗಿಸಿ, ಇಸ್ತ್ರಿ ಹಾಕಿ ಇದೇ ಅಳತೆಯಲ್ಲಿ ಕತ್ತರಿಸಬಹುದು. ಆದರೆ ಗಂಜಿಯೂ ಥಂಡಿಗೆ ಮೆತ್ತಗಾಗುವುದರಿಂದ ಹಿಡಿಕಡ್ಡಿ ಅಲ್ಲಿಯೂ ಬೇಕೇ ಬೇಕು.

ಹಬ್ಬ ಮುಗಿದ ಮೇಲೆ ಹೂವನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದರೆ ಬೆಚ್ಚಗೇನೋ ಇರುತ್ತದೆ, ಆದರೆ ಮಸಿ ಹಿಡಿಯುತ್ತದೆ. ಬಿಸಿಲು ಬಿದ್ದ ದಿನ ಜಗಲಿಯ ನೆರಳಿನಲ್ಲಿ ಒಂದು ಹಗಲು ಆರಲು ಬಿಟ್ಟು, ಮುಖ ಮೇಲಾಗಿರುವಂತೆ ಅಗಲವಾದ ಬುಟ್ಟಿಯಲ್ಲಿಟ್ಟು, ಹಳೆಯ ಹತ್ತಿ ಪಂಚೆ ಮುಚ್ಚಿ, ಗೋಡೆಗೆ ತಾಗದಂತೆ ಒಳಕೋಣೆಯಲ್ಲಿ ಇಡಬೇಕು.