ವೀರಗಲ್ಲನ್ನು ಬುಡದಿಂದ ಓದಿ

ಶಿರಸಿಯಿಂದ ಬನವಾಸಿಗೆ ಹೋದವರು ಮಧುಕೇಶ್ವರನಿಗೆ ಕೈಮುಗಿದು, ನಾಲ್ಕು ಫೋಟೋ ತೆಗೆದು, ದಾರಿಯಲ್ಲಿ ಅನಾನಸ್ ಕೊಂಡು ವಾಪಸ್ ಬರುತ್ತಾರೆ. ನಾನೂ ಹಾಗೇ ಮಾಡಿದವನೇ. ಈ ಸೀಮೆಯಲ್ಲಿ ಗುಡಿ ಅಂಗಳದಲ್ಲೋ, ಕೆರೆ ಏರಿಯ ಮೇಲೋ, ಗದ್ದೆ ಬದಿಯಲ್ಲೋ ನಿಂತಿರುವ ವೀರಗಲ್ಲು, ಅಂದರೆ ಕಾಳಗದಲ್ಲಿ ಸತ್ತವನ ನೆನಪಿನ ಕಲ್ಲು, ಕಂಡರೆ ಹತ್ತು ನಿಮಿಷ ಕೂತುಬಿಡಿ. ಅದನ್ನು ಓದಲು ಹಳಗನ್ನಡ ಬರಬೇಕು ಅಂತೇನೂ ಇಲ್ಲ.

ಶುರು ಮಾಡುವುದು ಕೆಳಗಿನಿಂದ. ಮೇಲಿನಿಂದ ಇಳಿದರೆ ಕಥೆ ತಲೆಕೆಳಗಾಗುತ್ತದೆ. ಸಾಮಾನ್ಯವಾಗಿ ಕೆತ್ತನೆಯ ಮೂರು ಹಂತ ಇರುತ್ತವೆ. ಬುಡದಲ್ಲಿ ಕಾಳಗ: ಬಿಲ್ಲು, ಕತ್ತಿ, ಕುದುರೆ. ಅಲ್ಲೇ ದನಗಳೂ ಇದ್ದರೆ ಅದು ತುರುಗಾಳಗ, ಅಂದರೆ ಊರಿನ ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆಯಲು ಹೋಗಿ ಸತ್ತವನ ಕಲ್ಲು. ನಡುವೆ ಅಪ್ಸರೆಯರು ಸತ್ತ ವೀರನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ, ಲಿಂಗದ ಜಾಗದಲ್ಲಿ ಜಿನಮೂರ್ತಿ ಇದ್ದರೆ ಜೈನರ ಕಲ್ಲು. ತುದಿಯಲ್ಲಿ ಸೂರ್ಯ ಚಂದ್ರ: ಅವರಿಬ್ಬರು ಇರುವವರೆಗೂ ಇವನ ಹೆಸರು ಇರಲಿ ಅಂತ. ಬಳೆ ತೊಟ್ಟ ಕೈಯೊಂದು ಮೇಲೆ ಚಾಚಿಕೊಂಡಿದ್ದರೆ ಅದು ಮಾಸ್ತಿಕಲ್ಲು, ಗಂಡನ ಜೊತೆ ಚಿತೆ ಏರಿದವಳದ್ದು.

ಬನವಾಸಿ ದೇವಸ್ಥಾನದ ಐದು ಹೆಡೆಯ ನಾಗರಕಲ್ಲು ಬೇರೆಯೇ ಜಾತಿ, ಅದನ್ನು ಇದಕ್ಕೆ ಸೇರಿಸಬೇಡಿ. ಅದರ ಬರಹ ಬ್ರಾಹ್ಮಿ ಲಿಪಿಯಲ್ಲಿದೆ, ಭಾಷೆ ಪ್ರಾಕೃತ. ನಾಗ, ಕೆರೆ, ವಿಹಾರ (ಭಿಕ್ಷುಗಳ ಮಠ) ದಾನ ಕೊಟ್ಟ ಸುದ್ದಿ ಅದರಲ್ಲಿದೆ. ಬನವಾಸಿಯಿಂದ ಆಳಿದ ಕದಂಬರಿಗಿಂತಲೂ ಹಳೆಯದು!

ಅಕ್ಷರಗಳನ್ನು ಹಂತಗಳ ನಡುವಿನ ಪಟ್ಟಿಯಲ್ಲಿ ಹುಡುಕಿ. ನಡುಮಧ್ಯಾಹ್ನ ಏನೂ ಕಾಣುವುದಿಲ್ಲ, ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲು ಬಿದ್ದಾಗ ಸವೆದ ಗೀರೂ ಎದ್ದು ನಿಲ್ಲುತ್ತದೆ. ಮೋಡ ಇದ್ದರೆ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಸೀಮೆಸುಣ್ಣ ತಿಕ್ಕಬೇಡಿ, ಪಾಚಿ ಕೆರೆಯಬೇಡಿ, ಎಣ್ಣೆಯಂತೂ ಬೇಡವೇ ಬೇಡ. ಊರವರು ಕುಂಕುಮ ಹಚ್ಚಿ ಪೂಜೆ ಮಾಡುವ ಕಲ್ಲಾದರೆ ಕೇಳಿಯೇ ಮುಟ್ಟಿ. ಕೇಳಿದರೆ ಕಥೆಯೂ ಸಿಗುತ್ತದೆ, ಕೆಲವು ಸಲ ಚಹಾ ಕೂಡ.

ಮಳೆಗಾಲದಲ್ಲಿ ಸುಮ್ನೆ ಹುಲ್ಲಿಗೆ ನುಗ್ಗಬೇಡಿ, ಉಂಬಳ (ಜಿಗಣೆ) ಜಾಸ್ತಿ. ಬಿದ್ದ ಕಲ್ಲನ್ನು ಎತ್ತಿ ನಿಲ್ಲಿಸುವ ಉತ್ಸಾಹವೂ ಬೇಡ: ಬುಡ ಮಣ್ಣಲ್ಲಿ ಹೂತಿದ್ದರೆ ಕಾಳಗ ಇರುವುದು ಅಲ್ಲೇ. ಸುತ್ತಲಿನ ಮರ, ದಾರಿ ಕಾಣುವಂತೆ ಒಂದು ಫೋಟೋ ತೆಗೆದು ಪಂಚಾಯ್ತಿಯವರಿಗೆ ಕೊಡಿ.