ಜೆರಾಕ್ಸ್ ಅಂಗಡಿಯಲ್ಲಿ ಬಿಟ್ಟುಹೋದ ಹಾಳೆ: ಜಾಲಪುಟಗಳನ್ನು ಮುದ್ರಣಕ್ಕೆ ಒಗ್ಗಿಸಿದ ನನ್ನ ಅನುಭವ

ಮಲೆನಾಡಿನ ಅಡಿಕೆ ಬೆಳೆಗಾರರ ಸಹಕಾರ ಸಂಘವೊಂದಕ್ಕೆ ನಾನು ಜಾಲತಾಣ ಮಾಡಿಕೊಟ್ಟಿದ್ದೆ. ಅದರಲ್ಲಿ ಜನ ಹೆಚ್ಚು ತೆರೆಯುತ್ತಿದ್ದುದು ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ತಯಾರಿಸುವ ಕ್ರಮದ ಪುಟ. ಮಳೆಗಾಲ ಹಿಡಿಯುವ ಮುಂಚೆ ಒಂದು ದಿನ ಸಾಗರದ ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದಾಗ, ನನ್ನ ಮುಂದಿದ್ದ ಹಿರಿಯರೊಬ್ಬರು ಅದೇ ಪುಟದ ಕೊಂಡಿಯನ್ನು ಅಂಗಡಿಯವರ ವಾಟ್ಸಾಪ್‌ಗೆ ಕಳುಹಿಸಿ ಪ್ರಿಂಟ್ ತೆಗೆಸಿಕೊಂಡರು. ಏಳು ಹಾಳೆಗಳು ಬಂದವು. ಮೊದಲನೆಯದರ ತುಂಬ ಮೆನು ಮತ್ತು ಲಾಂಛನ, ಕೊನೆಯ ಎರಡರಲ್ಲಿ 'ಇವನ್ನೂ ಓದಿ' ಎಂಬ ಪಟ್ಟಿ. ನಡುವೆ ಪ್ರಮಾಣದ ಕೋಷ್ಟಕ ಎರಡು ಹಾಳೆಗಳ ಪಾಲಾಗಿತ್ತು: ಮೈಲುತುತ್ತು (ತಾಮ್ರದ ಸಲ್ಫೇಟ್) 1 ಕಿಲೋ ಎಂಬ ಸಾಲು ಒಂದು ಹಾಳೆಯ ಅಡಿಯಲ್ಲಿ, ಸುಣ್ಣ 1 ಕಿಲೋ, ನೀರು 100 ಲೀಟರ್ ಎಂಬ ಸಾಲುಗಳು ಮುಂದಿನ ಹಾಳೆಯ ನೆತ್ತಿಯಲ್ಲಿ.

ಹಿರಿಯರು ಬೇಡವೆನಿಸಿದ ಹಾಳೆಗಳನ್ನು ಮೇಜಿನ ಮೇಲೆಯೇ ಬಿಟ್ಟು ಹೊರಟರು. ಸುಣ್ಣದ ಸಾಲಿದ್ದ ಹಾಳೆಯೂ ಅವುಗಳಲ್ಲಿತ್ತು. ನಾನು ಹಿಂದೆಯೇ ಹೋಗಿ, "ಯಜಮಾನ್ರೇ, ಇದೊಂದು ಬಿಟ್ಟಿದೀರಿ" ಎಂದು ಕೊಟ್ಟೆ. "ಅದು ಖಾಲಿ ಹಾಳೆ ಅಂದ್ಕಂಡೆ ಮಾರಾಯಾ, ಮೇಲೆ ಎರಡೇ ಸಾಲು ಇತ್ತು" ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಆ ಎರಡು ಸಾಲುಗಳ ಕೆಳಗೆ ಬರಬೇಕಿದ್ದ ದೊಡ್ಡ ಚಿತ್ರ ಜಾಗ ಸಾಲದೆ ಇನ್ನೊಂದು ಹಾಳೆಗೆ ಜಿಗಿದಿತ್ತು. ಸುಣ್ಣ ಕಡಿಮೆಯಾದ ದ್ರಾವಣ ಎಳೆಯ ಕಾಯಿಯನ್ನೇ ಸುಡಬಲ್ಲದು. ಪರದೆಯ ಮೇಲೆ ಅಂದವಾಗಿ ಕಾಣುತ್ತಿದ್ದ ನನ್ನ ಪುಟ ಕಾಗದದ ಮೇಲೆ ತೋಟಕ್ಕೆ ಹಾನಿ ಮಾಡುವಂತಿತ್ತು ಎಂಬುದು ಮನಸ್ಸಿಗೆ ಬಹಳ ನಾಟಿತು.

ಅವಸರದಲ್ಲಿ ನಾನು ಮೊದಲು ಹಿಡಿದ ದಾರಿ ತಪ್ಪಾಗಿತ್ತು. ಮುದ್ರಣಕ್ಕೆಂದೇ ಬೇರೊಂದು ಸರಳ ಪುಟ ಮಾಡಿ, ಮೂಲ ಪುಟದಿಂದ ಅದಕ್ಕೆ ಕೊಂಡಿ ಕೊಟ್ಟೆ. ಎರಡೇ ತಿಂಗಳಲ್ಲಿ, ಎರಡನೆಯ ಸಿಂಪರಣೆಯನ್ನು 40ರಿಂದ 45 ದಿನಗಳ ನಂತರ ಮಾಡಬೇಕೆಂಬ ಮಾತನ್ನು ಮೂಲ ಪುಟಕ್ಕೆ ಸೇರಿಸಿದವನು ಮುದ್ರಣದ ಪುಟಕ್ಕೆ ಸೇರಿಸಲು ಮರೆತಿದ್ದೆ. ಒಂದೇ ವಿಷಯ ಎರಡು ಕಡೆ ಇದ್ದರೆ ಎರಡೂ ಒಟ್ಟಿಗೆ ಹೊಸದಾಗಿ ಉಳಿಯುವುದಿಲ್ಲ. ಆ ಪುಟವನ್ನು ಅಳಿಸಿ, ಇರುವ ಪುಟಕ್ಕೇ ಮುದ್ರಣದ ನಿಯಮಗಳನ್ನು ಬರೆಯಲು ಕುಳಿತೆ. ಪರದೆಗೊಂದು, ಕಾಗದಕ್ಕೊಂದು ರೂಪ ಕೊಡುವ 'ಮೀಡಿಯಾ ಪ್ರಿಂಟ್' ಸೌಲಭ್ಯ, ಜಾಲಪುಟದ ರೂಪವನ್ನು ಬರೆಯುವ ಭಾಷೆಯಾದ ಸಿಎಸ್‌ಎಸ್‌ನ 1998ರ ಎರಡನೆಯ ಆವೃತ್ತಿಯಿಂದಲೂ ಇದೆ. ಅಷ್ಟು ಹಳೆಯ ಸೌಲಭ್ಯವನ್ನು ನಾನು ಅಲ್ಲಿಯವರೆಗೆ ಒಮ್ಮೆಯೂ ಬಳಸಿರಲಿಲ್ಲ.

ಮೆನು, ಹುಡುಕುವ ಪೆಟ್ಟಿಗೆ, ಹಂಚಿಕೊಳ್ಳುವ ಗುಂಡಿಗಳು, ಪಕ್ಕದ ಪಟ್ಟಿ ಇವನ್ನೆಲ್ಲ ಮರೆಮಾಡುವುದು ಹತ್ತು ನಿಮಿಷದ ಕೆಲಸ. ಪರದೆಯ ನೆತ್ತಿಗೆ ಅಂಟಿಕೊಂಡಿರುವ ಶೀರ್ಷಿಕೆಪಟ್ಟಿಯನ್ನು ಮಾತ್ರ ಮರೆಯದೆ ತೆಗೆಯಬೇಕು. ಇಲ್ಲವಾದರೆ ಅದು ಪ್ರತಿ ಹಾಳೆಯಲ್ಲೂ ಮೂಡಿ ಮೊದಲ ಸಾಲನ್ನು ಮುಚ್ಚುತ್ತದೆ. 'ಇನ್ನಷ್ಟು ಓದಿ' ಎಂದು ಮಡಚಿಟ್ಟ ಭಾಗಗಳು ಮಡಚಿದಂತೆಯೇ ಅಚ್ಚಾಗುವುದರಿಂದ, ಮುದ್ರಣ ಶುರುವಾಗುವ ಕ್ಷಣದಲ್ಲಿ ಅವೆಲ್ಲವೂ ತೆರೆದುಕೊಳ್ಳುವಂತೆ ಸಣ್ಣದೊಂದು ಸ್ಕ್ರಿಪ್ಟ್ ಬರೆದೆ. ಹಾಳೆಯ ಅಳತೆಯನ್ನು ಎ4 ಎಂದೇ ಗೊತ್ತುಪಡಿಸಿ, ಫೈಲಿಗೆ ತೂತು ಹೊಡೆಯಲು ಎಡಗಡೆ 20 ಮಿಲಿಮೀಟರ್ ಅಂಚು ಬಿಟ್ಟೆ.

ಕೋಷ್ಟಕ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಒಳಗೆ ಹಾಳೆ ಮುರಿಯಬಾರದೆಂದು ಹೇಳುವ 'ಬ್ರೇಕ್ ಇನ್‌ಸೈಡ್ ಅವಾಯ್ಡ್' ಎಂಬ ನಿಯಮವನ್ನು ಬರೆದರೂ ಜೆರಾಕ್ಸ್ ಅಂಗಡಿಯ ಹಳೆಯ ಬ್ರೌಸರ್ ಅದನ್ನು ಪಾಲಿಸಲಿಲ್ಲ. ಕಾರಣ ಹುಡುಕಲು ಒಂದು ಸಂಜೆಯೇ ಹಿಡಿಯಿತು. ಪರದೆಯಲ್ಲಿ ಎರಡು ಅಂಕಣಗಳು ಅಕ್ಕಪಕ್ಕ ನಿಲ್ಲಲೆಂದು ನಾನು ಕೋಷ್ಟಕವನ್ನು ಫ್ಲೆಕ್ಸ್ ಪೆಟ್ಟಿಗೆಯೊಳಗೆ ಇಟ್ಟಿದ್ದೆ, ಆ ಹೊರಪೆಟ್ಟಿಗೆಯೇ ಅಡ್ಡಿಯಾಗಿತ್ತು. ಮುದ್ರಣಕ್ಕೆ ಅದನ್ನು ಒಳಗಿನದೆಲ್ಲ ಒಂದರ ಕೆಳಗೊಂದು ನಿಲ್ಲುವ ಸಾದಾ ಬ್ಲಾಕ್ ಆಗಿ ಬದಲಿಸಿದ ಮೇಲೆ ಕೋಷ್ಟಕ ಇಡಿಯಾಗಿ ಒಂದೇ ಹಾಳೆಯಲ್ಲಿ ಕುಳಿತಿತು. ಒಂದು ಹಾಳೆಯನ್ನು ಮೀರುವ ಉದ್ದನೆಯ ಧಾರಣೆಪಟ್ಟಿಗಳಿಗೆ ಈ ಉಪಾಯ ನಡೆಯದು. ಅಲ್ಲಿ ಸಾಲುಗಳು ಮಾತ್ರ ನಡುವೆ ಮುರಿಯದಂತೆ ನೋಡಿಕೊಂಡು, ಕೋಷ್ಟಕದ ತಲೆಸಾಲನ್ನು ಸರಿಯಾಗಿ ಗುರುತಿಸಿದರೆ ಅದು ಪ್ರತಿ ಹಾಳೆಯ ಮೇಲೂ ಮತ್ತೆ ಮೂಡುತ್ತದೆ.

ಇಷ್ಟಾದ ಮೇಲೆ ತೆಗೆದ ಪ್ರತಿಯಲ್ಲಿ 'ಮೈಲುತುತ್ತು' ಎಂಬುದು 'ಮೈಲುತುತು' ಎಂದು ಅಚ್ಚಾಗಿತ್ತು. ಕೋಷ್ಟಕದ ಸಾಲುಗಳಿಗೆ ನಾನು ಇಂಗ್ಲಿಷ್ ಅಕ್ಷರಗಳ ಎತ್ತರವನ್ನು ನೋಡಿ ಗಟ್ಟಿ ಅಳತೆ ಕೊಟ್ಟಿದ್ದೆ, ಅದನ್ನು ಮೀರಿದ್ದು ಕಾಣದಂತೆ ಕತ್ತರಿಸುವ ನಿಯಮವೂ ಇತ್ತು. ಕೆಳಗೆ ಇಳಿಯುವ ಒತ್ತಕ್ಷರ ಹಾಗೆ ಕತ್ತರಿಸಿಹೋಗಿತ್ತು. ಕನ್ನಡದ ಅಕ್ಷರಕ್ಕೆ ಅಡಿಯಲ್ಲೂ ಜಾಗ ಬೇಕು, 'ರಾಷ್ಟ್ರ' ಎಂಬಂಥ ಪದದಲ್ಲಿ ಇನ್ನೂ ಹೆಚ್ಚು ಬೇಕು. ಸಾಲಿನ ಗಟ್ಟಿ ಎತ್ತರವನ್ನು ತೆಗೆದುಹಾಕಿ, ಅಕ್ಷರಕ್ಕೆ 12 ಪಾಯಿಂಟ್, ಸಾಲಿನ ಅಂತರಕ್ಕೆ ಅದರ 1.6 ಪಟ್ಟು ಕೊಟ್ಟೆ. ಹಾಳೆ ಉಳಿಸುವ ಆಸೆಗೆ ಅಂತರವನ್ನು ಹಿಂಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಈ ಕಾಗದವನ್ನು ಓದುವವರು ಮಬ್ಬು ಬೆಳಕಿನ ಪಂಪ್ ಮನೆಯಲ್ಲಿ, ಕನ್ನಡಕವನ್ನು ಮನೆಯಲ್ಲಿ ಬಿಟ್ಟು ಬಂದು ಓದುವವರು.

ಬಣ್ಣದ ವಿಷಯದಲ್ಲೂ ಹೀಗೆಯೇ ಎಡವಿದ್ದೆ. ಎಚ್ಚರಿಕೆಯ ಮಾತುಗಳನ್ನು ಹಳದಿ ಹಿನ್ನೆಲೆಯಲ್ಲಿ ಇಟ್ಟಿದ್ದೆ, ಆದರೆ ಬ್ರೌಸರ್‌ಗಳು ತಾವಾಗಿ ಹಿನ್ನೆಲೆಯ ಬಣ್ಣವನ್ನು ಮುದ್ರಿಸುವುದಿಲ್ಲ. ಮುದ್ರಿಸುವಂತೆ ಒತ್ತಾಯಿಸಬಹುದಾದರೂ ಅಂಗಡಿಯ ಯಂತ್ರ ಕಪ್ಪು ಬಿಳುಪಿನದು. ಹಳದಿ ಅಲ್ಲಿ ಬೂದು ಮಸಿಯಾಗಿ ಅಕ್ಷರಗಳನ್ನು ಮಂಕಾಗಿಸುತ್ತಿತ್ತು. ದ್ರಾವಣದಲ್ಲಿ ಉಜ್ಜಿದ ಕಬ್ಬಿಣದ ಚೂರಿಯನ್ನು ಅದ್ದಿ, ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಬೆರೆಸಬೇಕೆಂಬ ಸೂಚನೆ ಆ ಹಳದಿಯನ್ನೇ ನಂಬಿಕೊಂಡಿತ್ತು. ಈಗ ಅದಕ್ಕೆ ದಪ್ಪ ಕಪ್ಪು ಚೌಕಟ್ಟು ಹಾಕಿ, ಮೇಲೆ 'ಎಚ್ಚರಿಕೆ' ಎಂಬ ಪದವನ್ನೇ ಬರೆದಿದ್ದೇನೆ.

ಕಾಗದದ ಮೇಲೆ ಕೊಂಡಿಯನ್ನು ಒತ್ತಲಾಗದು ಎಂದು ಪ್ರತಿ ಕೊಂಡಿಯ ಮುಂದೆ ಅದರ ವಿಳಾಸ ಅಚ್ಚಾಗುವಂತೆ ಮಾಡಿದ್ದೆ. ವಿಳಾಸದಲ್ಲಿದ್ದ ಕನ್ನಡ ಅಕ್ಷರಗಳು ಶೇಕಡಾ ಚಿಹ್ನೆ ಮತ್ತು ಅಂಕಿಗಳ ಸಂಕೇತವಾಗಿ ಬದಲಾಗಿದ್ದವು. ಒಂದೊಂದು ಅಕ್ಷರಕ್ಕೂ, ಗುಣಿತದ ಒಂದೊಂದು ಗುರುತಿಗೂ ಒಂಬತ್ತು ಚಿಹ್ನೆಗಳಂತೆ ಒಂದೇ ಕೊಂಡಿ ನಾಲ್ಕು ಸಾಲು ತಿಂದಿತು. ಕೊಂಡಿಗಳ ವಿಳಾಸ ಅಚ್ಚಾಗುವುದನ್ನು ನಿಲ್ಲಿಸಿದೆ. ಪುಟದ ಕೊನೆಗೆ ಆ ಪುಟದ್ದೇ ಚಿಕ್ಕ ವಿಳಾಸವನ್ನೂ ಕೊನೆಯ ಬಾರಿ ತಿದ್ದಿದ ದಿನಾಂಕವನ್ನೂ ಹಾಕಿದೆ. ಗೋಡೆಗೆ ಅಂಟಿಸಿದ ಕಾಗದ ಎಷ್ಟು ಹಳೆಯದೆಂದು ತಿಳಿಯಲು ಆ ದಿನಾಂಕವೊಂದೇ ಆಧಾರ.

ಪರೀಕ್ಷೆಗೆ ಕ್ರೋಮ್‌ನ ಡೆವಲಪರ್ ಸಾಧನಗಳಲ್ಲಿ ಮುದ್ರಣದ ರೂಪವನ್ನು ಪರದೆಯಲ್ಲೇ ನೋಡುವ ಅನುಕೂಲವಿದೆ, ದಿನದ ಕೆಲಸಕ್ಕೆ ಅದು ಸಾಕು. ಆದರೆ ಹಾಳೆ ಎಲ್ಲಿ ಮುರಿಯುತ್ತದೆ ಎಂಬುದನ್ನು ಅದು ತೋರಿಸುವುದಿಲ್ಲ, ಅದಕ್ಕೆ ಮುದ್ರಣದ ಮುನ್ನೋಟವನ್ನೇ ತೆರೆಯಬೇಕು. ಅಂಗಡಿಯ ಯಂತ್ರ ಬೂದು ಬಣ್ಣವನ್ನು ಹೇಗೆ ನುಂಗುತ್ತದೆ ಎಂಬುದಂತೂ ಮುನ್ನೋಟದಲ್ಲೂ ಕಾಣದು. ಆದ್ದರಿಂದ ಪುಟದಲ್ಲಿ ಏನನ್ನು ಬದಲಿಸಿದರೂ ಸಾಗರದ ಅದೇ ಅಂಗಡಿಗೆ ಕೊಂಡಿ ಕಳುಹಿಸಿ ಒಂದು ಪ್ರತಿ ತೆಗೆಸುತ್ತೇನೆ. ಬೋರ್ಡೋ ದ್ರಾವಣದ ಪುಟ ಈಗ ಎರಡು ಹಾಳೆಗಳಲ್ಲಿ ಮುಗಿಯುತ್ತದೆ. ತುತ್ತು, ಸುಣ್ಣ, ನೀರು ಮತ್ತು ಚೂರಿಯ ಪರೀಕ್ಷೆ ನಾಲ್ಕೂ ಮೊದಲ ಹಾಳೆಯಲ್ಲೇ ಇವೆ.