ಗರುಗದ ಎಣ್ಣೆ: ಕೊನೆಯ ಹತ್ತು ನಿಮಿಷ ಒಲೆ ಬಿಟ್ಟು ಕದಲಬೇಡಿ

ತಲೆಗೆ ಹಚ್ಚುವ ಗರುಗದ ಎಣ್ಣೆಯನ್ನು ಮನೆಯಲ್ಲೇ ಕಾಯಿಸಿದವರು ನನಗೆ ಸೀಸೆ ತಂದು ತೋರಿಸುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ತಿಂಗಳು ತುಂಬುವುದರೊಳಗೆ ಕಮಟು ಹಿಡಿದಿರುತ್ತದೆ, ಇಲ್ಲವೇ ಮೊದಲ ದಿನದಿಂದಲೇ ಸೀದ ವಾಸನೆ. ಕಮಟು ಹಿಡಿದ ಸೀಸೆಯನ್ನು ಬೆಳಕಿಗೆ ಹಿಡಿದರೆ ತಳದಲ್ಲಿ ಮಬ್ಬು ಪದರವೊಂದು ಅಲುಗಾಡುತ್ತದೆ. ಅದು ಆರದೆ ಉಳಿದ ನೀರು. ಸೀದದ್ದರ ತಳದಲ್ಲಿ ಮಸಿಯಂಥ ಪುಡಿ. ಸೊಪ್ಪಿಗೂ ಕೊರತೆಯಿಲ್ಲ, ಎಣ್ಣೆಯೂ ಒಳ್ಳೆಯದೇ. ತಪ್ಪಿದ್ದು ಒಲೆಯಿಂದ ಇಳಿಸುವ ಹೊತ್ತು.

ಗರುಗ, ಗರಗ, ಕಾಡಿಗ್ಗರಗ, ಭೃಂಗರಾಜ, ಯಾವ ಹೆಸರಿನಿಂದ ಕರೆದರೂ ಗಿಡ ಒಂದೇ: ಸಸ್ಯಶಾಸ್ತ್ರದ ಎಕ್ಲಿಪ್ಟಾ ಪ್ರೋಸ್ಟ್ರಾಟಾ. ಸೂರ್ಯಕಾಂತಿಯ ಕುಟುಂಬದ್ದು. ಗದ್ದೆಯ ಬದು, ಕೆರೆಯಂಚು, ತೇವ ಆರದ ನೆಲದಲ್ಲಿ ತಾನಾಗಿ ಹುಟ್ಟುತ್ತದೆ. ಎದುರುಬದುರಾಗಿ ಕೂತ, ಮುಟ್ಟಿದರೆ ತರಿತರಿಯೆನ್ನುವ ನೀಳ ಎಲೆ. ಕೆಂಪು ಛಾಯೆಯ ಕಾಂಡ. ಅಂಗಿಯ ಗುಂಡಿಗಿಂತ ದೊಡ್ಡದಲ್ಲದ ಬಿಳಿ ಹೂ. ಬಯಲಿನಲ್ಲಿ ಉದ್ದ ತೊಟ್ಟಿನ ತುದಿಗೆ ಹಳದಿ ನಡುವಿನ ಹೂ ಬಿಡುವ ಟ್ರೈಡಾಕ್ಸ್ ಗಿಡವನ್ನೇ ಗರುಗವೆಂದು ಕಿತ್ತು ತರುವವರಿದ್ದಾರೆ. ಅನುಮಾನವಿದ್ದರೆ ಒಂದು ಕಾಂಡವನ್ನು ಮುರಿದು ಅಂಗೈಯಲ್ಲಿ ಉಜ್ಜಿ. ಗರುಗವಾದರೆ ಹಸಿರು ರಸ ಸ್ವಲ್ಪ ಹೊತ್ತಿನಲ್ಲೇ ಕಪ್ಪಿಗೆ ತಿರುಗುತ್ತದೆ. ಹಿಂದೆ ಹಚ್ಚೆ ಹೊಯ್ಯುವವರು ಈ ರಸವನ್ನು ಬಳಸುತ್ತಿದ್ದುದು ಇದೇ ಗುಣಕ್ಕೆ.

ಚರಂಡಿ ಬದಿಯದು ಬೇಡ. ಕಳೆನಾಶಕ ಹೊಡೆದ ಬದುವಿನದೂ ಬೇಡ. ಹೂ ಬಿಟ್ಟಿರುವ ಬಲಿತ ಗಿಡವನ್ನು ಬೇರಿನ ಮಣ್ಣು ಹೋಗುವಂತೆ ಮೂರು ನೀರಿನಲ್ಲಿ ತೊಳೆದು, ಹೆಚ್ಚಿ, ಸ್ವಲ್ಪವೇ ನೀರು ಹಾಕಿ ರುಬ್ಬಿ ಹಿಂಡಿ. ಮಿಕ್ಸಿ ಸಾಕು, ಒರಳೇ ಆಗಬೇಕೆಂಬ ಹಟ ನನಗಿಲ್ಲ.

ಅಳತೆ ಹೀಗೆ. ಆಯುರ್ವೇದದ ಲೆಕ್ಕದಲ್ಲಿ ಎಣ್ಣೆಯ ನಾಲ್ಕರಷ್ಟು ರಸ, ಎಂಟನೇ ಒಂದು ಪಾಲು ಕಲ್ಕ, ಅಂದರೆ ನುಣ್ಣಗೆ ರುಬ್ಬಿದ ಸೊಪ್ಪಿನ ಮುದ್ದೆ. ಮನೆಬಳಕೆಗೆ ನಾನು ರಸವನ್ನು ಅರ್ಧಕ್ಕಿಳಿಸುತ್ತೇನೆ: 250 ಮಿಲಿಲೀಟರ್ ಎಣ್ಣೆಗೆ 500 ಮಿಲಿಲೀಟರ್ ರಸ, 30 ಗ್ರಾಂ ಕಲ್ಕ. ಎಣ್ಣೆ ಎಳ್ಳಿನದೇ ಇರಲಿ. ಕೊಬ್ಬರಿ ಎಣ್ಣೆಯಿಂದಲೂ ಮಾಡುತ್ತಾರೆ, ಆದರೆ 24 ಡಿಗ್ರಿಗಿಂತ ತಂಪಾದರೆ ಅದು ಹೆಪ್ಪುಗಟ್ಟುತ್ತದೆ, ತಳದಲ್ಲಿ ನೀರು ಉಳಿದಿದೆಯೇ ಎಂದು ನೋಡಲೂ ಬಿಡುವುದಿಲ್ಲ.

ದಪ್ಪ ತಳದ ಕಬ್ಬಿಣದ ಬಾಣಲೆ ತೆಗೆದುಕೊಳ್ಳಿ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬಾರದು, ನೊರೆ ಉಕ್ಕುತ್ತದೆ. ಎಣ್ಣೆ, ರಸ, ಕಲ್ಕ ಮೂರನ್ನೂ ತಣ್ಣಗಿರುವಾಗಲೇ ಬೆರೆಸಿ ಒಲೆಗಿಡಿ. ಕಾದ ಎಣ್ಣೆಗೆ ರಸ ಸುರಿದು ಮುಖ ಸುಟ್ಟುಕೊಂಡವರನ್ನು ಕಂಡಿದ್ದೇನೆ. ದಯವಿಟ್ಟು ಆ ಕೆಲಸ ಮಾಡಬೇಡಿ.

ಉರಿ ಸಣ್ಣದಿರಲಿ. ಮೊದಲ ಮುಕ್ಕಾಲು ಗಂಟೆ ಆಗಾಗ ತಳ ಕೆದಕುತ್ತಿದ್ದರೆ ಸಾಕು. ನೀರು ಇರುವಷ್ಟು ಹೊತ್ತು ಬಾಣಲೆಯ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಯಾವುದೂ ಸೀಯುವುದಿಲ್ಲ. ನೀರು ಮುಗಿಯುತ್ತಲೇ ಆ ಕಾವಲು ಹೋಯಿತು. ಎಣ್ಣೆಯ ಬಿಸಿ ಸರ್ರನೆ ಏರುತ್ತದೆ. ಒಂದು ಗಂಟೆ ನಿಂತು ಕಾಯಿಸಿದವರು ಫೋನಿಗೆ ಓಡಿ ಬರುವಷ್ಟರಲ್ಲಿ ಎಲ್ಲ ಕೆಡುವುದು ಇಲ್ಲಿಯೇ.

ಮೊದಲು ಕಿವಿಗೊಟ್ಟು ಕೇಳಿ. ಗೊಳಗೊಳ ಕುದಿತ ತೆಳುವಾಗಿ ಚಿಟಿಚಿಟಿ ಸದ್ದಿಗೆ ಇಳಿದರೆ ನೀರು ಕಡಿಮೆಯಾಗಿದೆ ಎಂದರ್ಥ. ಆಗ ಕಲ್ಕ ಕೆಸರಿನಂತೆ ಸೌಟಿಗೆ ಮೆತ್ತಿಕೊಳ್ಳುತ್ತದೆ. ಇದು ಮೃದುಪಾಕ. ಹೆಚ್ಚಿನವರು ಇಳಿಸುವುದು ಇಲ್ಲಿ, ಕಮಟು ಹಿಡಿಯುವುದೂ ಇಲ್ಲಿ ಇಳಿಸಿದ ಎಣ್ಣೆಯೇ. ಇನ್ನೂ ಸ್ವಲ್ಪ ತಾಳಿ. ದೊಡ್ಡ ಗುಳ್ಳೆಗಳು ಅಡಗಿ, ಎಣ್ಣೆಯ ಮೇಲೆ ಸಣ್ಣ ನೊರೆ ಹರಡುತ್ತದೆ. ತುಪ್ಪ ಕಾಯಿಸಿ ರೂಢಿಯಿದ್ದವರು ನೊರೆ ಅಡಗಲೆಂದು ಕಾಯುತ್ತಾರೆ. ತುಪ್ಪಕ್ಕೆ ಅದು ಸರಿ, ಎಣ್ಣೆಗೆ ಇದಕ್ಕೆ ವಿರುದ್ಧ: ನೊರೆ ಏಳುವುದೇ ಗುರುತು.

ಈಗ ಸೌಟಿನ ತುದಿಯಲ್ಲಿ ಚೂರು ಕಲ್ಕ ತೆಗೆದು, ಆರಿಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆಯಿರಿ. ಬೆರಳಿಗೆ ಅಂಟದೆ ಹೂಬತ್ತಿಯಂತೆ ಸುತ್ತಿಕೊಂಡರೆ ಮಧ್ಯಮಪಾಕ. ಆ ಬತ್ತಿಯನ್ನು ಉರಿಗೆ ಹಿಡಿದು ನೋಡಿ. ಚಟಚಟ ಸಿಡಿದರೆ ಒಳಗೆ ಇನ್ನೂ ನೀರಿದೆ. ಸದ್ದಿಲ್ಲದೆ ಹತ್ತಿಕೊಂಡರೆ ಆ ಕ್ಷಣವೇ ಇಳಿಸಿ. ಹೊಸೆದಾಗ ಮರಳಿನಂತೆ ಉದುರಿದರೆ ಅದು ಖರಪಾಕ. ಮೈಗೆ ಹಚ್ಚುವ ಎಣ್ಣೆಗೆ ಶಾಸ್ತ್ರ ಅದನ್ನೂ ಒಪ್ಪುತ್ತದೆ. ಆದರೆ ಮನೆಯ ಒಲೆಯಲ್ಲಿ ಖರಕ್ಕೂ ಸೀಯುವುದಕ್ಕೂ ನಡುವಿನ ಅಂತರ ತೀರ ಕಡಿಮೆ. ಮಧ್ಯಮದಲ್ಲೇ ನಿಲ್ಲಿಸಿ.

ಇಳಿಸಿದರೆ ಮುಗಿಯಿತೆಂದುಕೊಳ್ಳಬೇಡಿ. ದಪ್ಪ ಕಬ್ಬಿಣ ಒಲೆ ಆರಿಸಿದ ಮೇಲೂ ಬೇಯಿಸುತ್ತಲೇ ಇರುತ್ತದೆ. ಕೂಡಲೇ ಒಣಗಿದ ಸ್ಟೀಲ್ ಪಾತ್ರೆಗೆ ಬಗ್ಗಿಸಿ, ಉಗುರುಬೆಚ್ಚಗಾದಾಗ ಒಣ ಬಟ್ಟೆಯಲ್ಲಿ ಸೋಸಿ, ಗಾಜಿನ ಸೀಸೆಗೆ ತುಂಬಿ. ಸೀಸೆಯಲ್ಲಿ ಒಂದು ಹನಿ ನೀರೂ ಇರಬಾರದು.

ಹಸಿ ಎಲೆಯನ್ನು ಎಣ್ಣೆಯಲ್ಲಿ ಮುಳುಗಿಸಿ ಬಿಸಿಲಿಗಿಡುವ ಅಡ್ಡದಾರಿ ಬೇಡ. ಎಲೆಯ ನೀರು ಎಲ್ಲಿಗೂ ಹೋಗುವುದಿಲ್ಲ, ಬೂಷ್ಟು ಬರುತ್ತದೆ. ಕೊಳ್ಳುವವರು ಹಸಿರು ಬಣ್ಣಕ್ಕೆ ಮರುಳಾಗದೆ ಚೀಟಿ ಓದಿ. ಘಟಕಗಳ ಪಟ್ಟಿಯಲ್ಲಿ ಮೊದಲು ಲಿಕ್ವಿಡ್ ಪ್ಯಾರಾಫಿನ್ ಇದ್ದರೆ ಆ ಸೀಸೆಯ ಬಹುಪಾಲು ಪೆಟ್ರೋಲಿಯಂನಿಂದ ಬಂದದ್ದು.

ವಾರಕ್ಕೆರಡು ಸಲ ನೆತ್ತಿಗೆ ಹಚ್ಚಿ, ಒಂದು ಗಂಟೆ ಬಿಟ್ಟು ತೊಳೆದರೆ ಸಾಕು. ಮೊದಲ ಸಲ ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಗರುಗದ ಸಾರದಿಂದ ಕೂದಲು ಬೇಗ ಚಿಗುರಿದ್ದು ಕಂಡಿದೆ. ಬೋಳಾದ ತಲೆಯಲ್ಲಿ ಕೂದಲು ಬರಿಸುತ್ತದೆಂದು ನಾನು ಹೇಳಲಾರೆ. ಕಾಮಾಲೆಗೆ ಇದರ ರಸ ಕುಡಿಸುವ ಪದ್ಧತಿ ಹಳೆಯದು. ಆದರೆ ಕಾಮಾಲೆಗೆ ಕಾರಣಗಳು ಹಲವು, ರಕ್ತಪರೀಕ್ಷೆ ಮಾಡಿಸದೆ ಕುಡಿಸಬೇಡಿ.

ರಸ ಮಿಕ್ಕಿದ್ದರೆ ಕಾಡಿಗೆಗೆ ಆಗುತ್ತದೆ. ಬಿಳಿ ಹತ್ತಿ ಬಟ್ಟೆಯನ್ನು ಅದರಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿ, ಹೀಗೆ ನಾಲ್ಕೈದು ಸಲ ಮಾಡಿ, ಬತ್ತಿ ಹೊಸೆದು ಹರಳೆಣ್ಣೆಯ ದೀಪ ಹಚ್ಚಿ. ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿದರೆ ಮಸಿ ಕೂಡುತ್ತದೆ. ಹನಿ ತುಪ್ಪದಲ್ಲಿ ಕಲಸಿಡಿ. ರೆಪ್ಪೆಯ ಹೊರಗೆ ತೀಡಿಕೊಳ್ಳಿ, ಕಣ್ಣಿನೊಳಕ್ಕೆ ಬೇಡ, ಹಸುಗೂಸಿನ ಕಣ್ಣಿಗಂತೂ ಬೇಡವೇ ಬೇಡ.